ಎಡಗೈಗೆ ಮೊದಲು ಕುಣಿಯೋದು ಕಲಿಸಿ

ಹೋದ ಸಂಚಿಕೆಯಲ್ಲಿ, ಪಿಯಾನೊಗೆ ಅಂತ ಸ್ವಂತದ್ದು ಏನಾದರೂ ಬರೆಯುತ್ತಿದ್ದರೆ ಕಳಿಸಿ, ಸಂದೇಹ ಇದ್ದರೆ ಕೇಳಿ ಅಂದಿದ್ದೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಟ್ಯಾಂಗೊ, ಸಾಂಬಾ, ಮಲಂಬೊ ಅಂತೆಲ್ಲ ನೋಡಿ ಖುಷಿಯಾಯಿತು, ಸ್ವಲ್ಪ ಗಾಬರಿಯೂ ಆಯಿತು. ಹಾಗಾಗಿ ಈ ಸಲದ ಪುಟ ಪೂರ್ತಿ ದಕ್ಷಿಣ ಅಮೆರಿಕದ ಕುಣಿತಗಳಿಗೇ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಅದಕ್ಕೆ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಓದುತ್ತಿದ್ದೇನೆ. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತೆ, ಆಮೇಲೆ ಪಿಯಾನೊಗೆ ಬಂದೆ. ದಕ್ಷಿಣ ಅಮೆರಿಕದ ಸಾಂಪ್ರದಾಯಿಕ ಕುಣಿತಗಳನ್ನು ಇಟ್ಟುಕೊಂಡು ನಾಲ್ಕು ನಿಮಿಷದ ಒಂದು ರಚನೆ ಬರೆಯುತ್ತಿದ್ದೇನೆ. ಟ್ಯಾಂಗೊದಿಂದ ಶುರು, ಮಧ್ಯೆ ಸಾಂಬಾ, ಕೊನೆಗೆ ಚಿಲಿಯ ಕ್ವೆಕಾ. ರಾಗ ಚೆನ್ನಾಗಿದೆ ಅಂತಾರೆ, ಆದರೆ ಕೇಳಿದರೆ ಸಿನಿಮಾ ಹಿನ್ನೆಲೆ ಸಂಗೀತದ ಹಾಗಿದೆ, ಕುಣಿತ ಅನಿಸುವುದೇ ಇಲ್ಲ. ಎಲ್ಲಿ ಕೆಟ್ಟಿದೆ? ನೊಟೇಶನ್ ಕಳಿಸಿದ್ದೇನೆ. (ವಿದ್ಯಾನಗರ, ದಾವಣಗೆರೆ)

ಉತ್ತರ: ನುಡಿಸಿ ನೋಡಿದೆನಮ್ಮ. ಬಲಗೈಗೆ ಬರೆದದ್ದು ನಿಜವಾಗಲೂ ಚೆನ್ನಾಗಿದೆ. ಕೆಟ್ಟಿರುವುದು ಎಡಗೈಯಲ್ಲಿ. ಮೊದಲ ಬಾರ್‌ನಿಂದ (ಬಾರ್ ಅಂದರೆ ತಾಳದ ಒಂದು ಸುತ್ತು) ಕೊನೆಯವರೆಗೂ ನಾಲ್ಕು ಬೀಟ್‌ಗೆ ನಾಲ್ಕು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು), ಒಂದೇ ತೂಕ, ಒಂದೇ ಉದ್ದ, ಮೇಲಿಂದ ಸ್ವರ ಎಳೆದು ನಿಲ್ಲಿಸುವ ಪೆಡಲ್ ಬೇರೆ ಒತ್ತಿಯೇ ಇದೆ. ಕುಣಿಯುವವರಿಗೆ ಬೇಕಾಗಿರುವುದು ಕಾಲು ಎಲ್ಲಿ ಇಡಬೇಕು ಅನ್ನೋದು. ನಿಮ್ಮ ಎಡಗೈ ಅದನ್ನು ಹೇಳುತ್ತಲೇ ಇಲ್ಲ. ಬಲಗೈಯಲ್ಲಿ ಎಷ್ಟು ಅಲಂಕಾರ ಮಾಡಿದರೂ ಇದು ಸರಿಹೋಗಲ್ಲ.

ಮೊದಲ ಕೆಲಸ, ಮೂರರಲ್ಲಿ ಎರಡನ್ನು ಬಿಡಿ. ಟ್ಯಾಂಗೊ ಹುಟ್ಟಿದ್ದು ರಿಯೊ ಡಿ ಲಾ ಪ್ಲಾಟಾ ನದಿಯ ಎರಡು ದಡದಲ್ಲಿ. ಈ ಕಡೆ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಆ ಕಡೆ ಉರುಗ್ವೆಯ ಮೊಂಟೆವಿಡಿಯೊ. ಸಾಂಬಾ ಬ್ರೆಜಿಲ್‌ದು, ಅದರ ನಡಿಗೆಯೇ ಬೇರೆ. ಕ್ವೆಕಾ ಚಿಲಿಯದು, ಕೈಯಲ್ಲಿ ಕರ್ಚೀಫ್ ಹಿಡಿದು ಜೋಡಿಯಾಗಿ ಕುಣಿಯುವುದು, 1979ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಷ್ಟ್ರೀಯ ಕುಣಿತ ಅಂತ ಘೋಷಿಸಿತು. ನಾಲ್ಕು ನಿಮಿಷದಲ್ಲಿ ಈ ಮೂರನ್ನೂ ತುರುಕಿದರೆ ಯಾವುದಕ್ಕೂ ಉಸಿರಾಡಲು ಜಾಗ ಇರಲ್ಲ. ನಿಮ್ಮ ರಾಗ ಎ ಮೈನರ್‌ನಲ್ಲಿದೆ, ಉದ್ದುದ್ದ ಎಳೆಯುತ್ತದೆ, ಟ್ಯಾಂಗೊಗೆ ಸರಿಯಾಗಿ ಕೂರುತ್ತದೆ. ಅದನ್ನೇ ಇಟ್ಟುಕೊಳ್ಳಿ.

ಈಗ ಪಿಯಾನೊ ಮುಚ್ಚಿ. ನೀವು ಕರ್ನಾಟಕ ಸಂಗೀತ ಕಲಿತವರು, ನಿಮಗಿದು ಸುಲಭ. ಆದಿತಾಳ ಹಾಕಿ. ಎಂಟು ಎಣಿಕೆಯಲ್ಲಿ ತಟ್ಟು ಬೀಳುವುದು 1, 5, 7ಕ್ಕೆ. ಕೈ ತಾಳ ಹಾಕುತ್ತಿರಲಿ, ಬಾಯಲ್ಲಿ 'ತಕಿಟ ತಕಿಟ ತಕ' ಹೇಳಿ, ಅಕ್ಷರಕ್ಕೊಂದು ಎಣಿಕೆ. ಪ್ರತಿ ಸಲ ಶುರುವಿನ 'ತ' ಮೇಲೆ ಒತ್ತು ಕೊಡಿ, ಅದು 1, 4, 7ಕ್ಕೆ ಬೀಳುತ್ತದೆ. ಮೂರು, ಮೂರು, ಎರಡು. ಹಳೆಯ ಮಿಲೊಂಗಾ ಕುಣಿತದಲ್ಲಿ ಇರುವುದು ಇದೇ. ಅರ್ಜೆಂಟೀನಾದ ಸಂಗೀತಗಾರ ಆಸ್ಟರ್ ಪಿಯಾಜೊಲಾ ಟ್ಯಾಂಗೊವನ್ನು ಕುಣಿಯುವ ಹಾಲ್‌ನಿಂದ ಸಂಗೀತ ಕಛೇರಿಯ ವೇದಿಕೆಗೆ ತಂದಾಗ ಮತ್ತೆ ಮತ್ತೆ ಬಡಿದದ್ದೂ ಇದನ್ನೇ.

ಈಗ ಬಾಯಿಯ ಒತ್ತು ಮತ್ತು ಕೈಯ ತಟ್ಟು ಎರಡನ್ನೂ ಸೇರಿಸಿ ನೋಡಿ. 1, 4, 5, 7. ಇದು ಹಬನೆರಾ! ಕ್ಯೂಬಾದಿಂದ ಬಂದು ಟ್ಯಾಂಗೊದ ತಳಪಾಯದಲ್ಲಿ ಕೂತ ಲಯ. ಆದಿತಾಳಕ್ಕೂ ಹಬನೆರಾಕ್ಕೂ ಸಂಬಂಧ ಇದೆ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ, ಇದು ಬರೀ ಲೆಕ್ಕ. ಆದರೆ ಈ ಲೆಕ್ಕ ನಿಮ್ಮ ಕೈಯಲ್ಲಿ ಆಗಲೇ ಇದೆ, ಬಳಸಿಕೊಳ್ಳದೆ ಬಿಡುವುದು ಯಾಕೆ?

ಪಿಯಾನೊ ತೆಗೆಯಿರಿ. ಎಡಗೈ ಮಾತ್ರ. 1ಕ್ಕೆ ಕೆಳಗಿನ ಎ, 4ಕ್ಕೆ ಇ, 7ಕ್ಕೆ ಮೇಲಿನ ಎ (ಎ, ಇ ಅನ್ನುವುದು ಪಿಯಾನೊದ ಸ್ವರಗಳ ಹೆಸರು). ಪೆಡಲ್ ಮುಟ್ಟಬೇಡಿ. ಸ್ವರ ಚಿಕ್ಕದಾಗಿ, ಒಣದಾಗಿ ಇರಲಿ. ಎಂಟು ಬಾರ್ ಹೀಗೆ ನುಡಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಹಾಕಿಕೊಂಡು ರೂಮಿನಲ್ಲಿ ನಡೆದು ನೋಡಿ. ಕಾಲು ತಾನಾಗಿ ಇಡುವ ಹಾಗಾಯಿತೋ, ಮುಂದಕ್ಕೆ ಹೋಗಿ. ಇಲ್ಲವೋ, ಬಲಗೈಗೆ ರಜೆ. ಬಲಗೈಯ ರಾಗವನ್ನು ಇದರ ಮೇಲೆ ಇಡುವಾಗ ಒಂದು ವಿಷಯ ನೆನಪಿರಲಿ, ಅದೂ 1, 4, 7ಕ್ಕೇ ಬಿದ್ದರೆ ಕವಾಯತು ಆಗುತ್ತದೆ. ರಾಗ ತಡವಾಗಿ ಬರಲಿ, ಮೊದಲೇ ಬರಲಿ, ಅಡ್ಡಾಡಲಿ. ಕೆಳಗೆ ಕಾಲು ಗಟ್ಟಿಯಾಗಿದ್ದರೆ ಮೇಲೆ ಮೈ ಎಷ್ಟು ಬಳುಕಿದರೂ ಚೆಂದ.

ಟ್ಯಾಂಗೊ ಪಿಯಾನೊದವರ ಇನ್ನೊಂದು ಕೈಚಳಕ ಹೇಳಿಬಿಡುತ್ತೇನೆ. ಅದಕ್ಕೆ ಅರಾಸ್ತ್ರೆ ಅಂತಾರೆ. ಬಾರ್‌ನ ಮೊದಲ ಬೀಟ್‌ಗೆ ನೇರವಾಗಿ ಬೀಳುವುದಿಲ್ಲ, ಅರ್ಧ ಬೀಟ್ ಮುಂಚಿನಿಂದಲೇ ಕೆಳಗಿನ ಸ್ವರಗಳನ್ನು ಎಳೆದುಕೊಂಡು ಬರುತ್ತಾರೆ. ನಿಮ್ಮ ರಚನೆಯಲ್ಲಿ ಎಡಗೈ ಇ ಇಂದ ಎ ತನಕ ಮಧ್ಯದ ಕಪ್ಪು ಬಿಳಿ ಮನೆಗಳನ್ನೆಲ್ಲ (ಕೀಗಳನ್ನೆಲ್ಲ) ಚಕಚಕನೆ ಮುಟ್ಟಿಕೊಂಡು ಬಂದು ಎ ಮೇಲೆ ಗಟ್ಟಿಯಾಗಿ ಕೂರಬೇಕು. ಕೂತ ತಕ್ಷಣ ಕೈ ಎತ್ತಬೇಕು. ಪ್ರತಿ ಬಾರ್‌ಗೂ ಮಾಡಿದರೆ ಕೇಳುವವರಿಗೆ ತಲೆನೋವು, ಸಾಲಿನ ಶುರುವಿಗೆ ಒಂದು ಸಲ ಸಾಕು.

ಎಡಗೈ ಎಷ್ಟು ದೂರ ಹೋಗಬಹುದು ಅಂತ ತಿಳಿಯಬೇಕಾದರೆ ಬ್ರೆಜಿಲ್‌ನ ಎರ್ನೆಸ್ಟೊ ನಜರೆತ್ ಅವರ 'ಓಡಿಯನ್' ಕೇಳಿ. ರಿಯೊ ಡಿ ಜನೈರೊದವರು, 1863ರಿಂದ 1934ರವರೆಗೆ ಬದುಕಿದ್ದವರು. ಓಡಿಯನ್ ಅನ್ನುವುದು ಅವರು ಪಿಯಾನೊ ನುಡಿಸುತ್ತಿದ್ದ ಸಿನಿಮಾ ಮಂದಿರದ ಹೆಸರು. ಆ ರಚನೆ ಶುರುವಾಗುವಾಗ ರಾಗ ಇರುವುದೇ ಎಡಗೈಯಲ್ಲಿ, ಬಲಗೈ ಸುಮ್ನೆ ಮಧ್ಯೆ ಮಧ್ಯೆ ಕಾರ್ಡ್ ಹಾಕುತ್ತಿರುತ್ತದೆ.

ಇನ್ನು ಕ್ವೆಕಾ ಬಿಡಲು ಮನಸ್ಸೇ ಇಲ್ಲ ಅನ್ನುವುದಾದರೆ ಅದನ್ನು ಬೇರೆಯೇ ರಚನೆ ಮಾಡಿ. ಅಲ್ಲಿ ಆಟ ಬೇರೆ. ಆರು ಎಣಿಕೆಯನ್ನು 'ತಕಿಟ ತಕಿಟ' ಅಂತಲೂ ಎಣಿಸಬಹುದು, 'ತಕ ತಕ ತಕ' ಅಂತಲೂ ಎಣಿಸಬಹುದು, ಅಲ್ವಾ? ಎರಡೂ ಒಟ್ಟಿಗೆ ನಡೆಯುತ್ತವೆ. ಟೇಬಲ್ ಮೇಲೆ ಬಲಗೈ 1, 4ಕ್ಕೆ ತಟ್ಟಲಿ, ಎಡಗೈ 1, 3, 5ಕ್ಕೆ. ಎರಡೂ ಕೈ ಸೇರುವುದು 1ರಲ್ಲಿ ಮಾತ್ರ. ಚಿಲಿಯ ಕ್ವೆಕಾ, ಅರ್ಜೆಂಟೀನಾದ ಚಕರೇರಾ, ಜಾಂಬಾ, ವೆನೆಜುವೆಲಾದ ಹೊರೊಪೊ, ಎಲ್ಲದರ ಒಳಗೂ ಈ ಜಗಳ ಇದೆ. (ಅರ್ಜೆಂಟೀನಾದ ಜಾಂಬಾ ಬೇರೆ, ಬ್ರೆಜಿಲ್‌ನ ಸಾಂಬಾ ಬೇರೆ. ಜಾಂಬಾ ನಿಧಾನದ್ದು, ಕರ್ಚೀಫ್ ಹಿಡಿದು ಕುಣಿಯುವುದು. ಹುಡುಕುವಾಗ ಕಲಸಿಕೊಳ್ಳಬೇಡಿ.) ಇನ್ನೊಂದು, ಕ್ವೆಕಾದಲ್ಲಿ ಸಾಮಾನ್ಯವಾಗಿ 48 ಇಲ್ಲವೇ 52 ಬಾರ್ ಇರುತ್ತವೆ. ಎಲ್ಲಿ ತಿರುಗಬೇಕು, ಎಲ್ಲಿ ಜಾಗ ಬದಲಿಸಬೇಕು ಅಂತ ಕುಣಿಯುವವರಿಗೆ ಗೊತ್ತಿರುತ್ತದೆ. ನಿಮಗೆ ಖುಷಿಯಾಯಿತು ಅಂತ ಮಧ್ಯೆ ಎರಡು ಬಾರ್ ಸೇರಿಸಿದರೆ ಅವರು ಎಡವುತ್ತಾರೆ. ಕೂತು ಕೇಳುವ ರಚನೆಗೆ ಆ ಕಟ್ಟುಪಾಡು ಬೇಡ, ಆದರೆ ಮುರಿಯುವ ಮುಂಚೆ ಗೊತ್ತಿರಬೇಕು.

ತಿದ್ದಿ ಮತ್ತೆ ಕಳಿಸಿ. ಕೊನೆಯ ಆ ಉದ್ದ ಗ್ಲಿಸಾಂಡೊ (ಕೀಗಳ ಮೇಲೆ ಬೆರಳು ಜಾರಿಸುವುದು) ತೆಗೆದು ಕಳಿಸಿ.

ಪ್ರಶ್ನೆ: ಮೇಡಂ ನಮಸ್ಕಾರ. ಮೊದಲು ವೃತ್ತಿ ನಾಟಕ ಕಂಪನಿಯಲ್ಲಿ, ಈಗ ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತೇನೆ. ಮಗ ಕೀಬೋರ್ಡ್ ಕೊಡಿಸಿದ್ದಾನೆ. ಅದರಲ್ಲಿ ಟ್ಯಾಂಗೊ ಅಂತ ಒಂದು ರಿದಮ್ ಇದೆ, ಒತ್ತಿದರೆ ತಾನೇ ಬಡಿಯುತ್ತದೆ. ಅದರ ಮೇಲೆ ಏನಾದರೂ ಕಟ್ಟಬೇಕು ಅಂತ ಆಸೆ. ಈ ವಯಸ್ಸಿನಲ್ಲಿ, ಪೇಟಿ ಹಿಡಿದ ಕೈಗೆ ಪಿಯಾನೊ ಬರುತ್ತದಾ? (ಚಿತ್ರದುರ್ಗ)

ಉತ್ತರ: ಬರದೇ ಏನು ಸರ್. ಟ್ಯಾಂಗೊ ವಿಷಯದಲ್ಲಿ ನೀವು ನಮಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದೀರಿ. ಟ್ಯಾಂಗೊ ಮೇಳದ ಮುಖ್ಯ ವಾದ್ಯ ಬಾಂದೊನಿಯಾನ್ ಅಂತ. ಅದೂ ನಿಮ್ಮ ಪೇಟಿಯ ಹಾಗೆಯೇ ಗಾಳಿ ತುಂಬಿ ಲೋಹದ ರೀಡ್ ನುಡಿಸುವ ವಾದ್ಯ. ಜರ್ಮನಿಯಲ್ಲಿ ಹುಟ್ಟಿದ್ದು, ಹೈನ್ರಿಖ್ ಬಾಂಡ್ ಅನ್ನುವವರಿಂದ ಹೆಸರು ಬಂತು, ವಲಸೆ ಹೋದವರ ಜೊತೆ ಅರ್ಜೆಂಟೀನಾ ಸೇರಿತು. ತೊಡೆಯ ಮೇಲಿಟ್ಟುಕೊಂಡು ಎರಡು ಕಡೆ ಗುಂಡಿ ಒತ್ತಿ ನುಡಿಸುತ್ತಾರೆ, ತಿದಿ ಹಿಗ್ಗಿಸುವಾಗ ಒಂದು ಸ್ವರ ಬಂದರೆ ಕುಗ್ಗಿಸುವಾಗ ಅದೇ ಗುಂಡಿಗೆ ಬೇರೆ ಸ್ವರ. ನಿಮಗೆ ಕೇಳಲು ಖಂಡಿತ ಇಷ್ಟವಾಗುತ್ತದೆ.

ನಿಮಗೆ ಕಷ್ಟವಾಗುವುದು ಬೇರೆ ಕಡೆ. ಪೇಟಿಯಲ್ಲಿ ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ, ತಿದಿ ಒತ್ತಿದರೆ ದಪ್ಪವೂ ಆಗುತ್ತದೆ. ಪಿಯಾನೊದಲ್ಲಿ ಒತ್ತಿದ ಮರುಕ್ಷಣದಿಂದ ಸ್ವರ ಸಾಯಲು ಶುರು. ಹಾಗಾಗಿ ಉದ್ದ ಸ್ವರ ಬಂದ ಕಡೆ ಸುಮ್ನೆ ಒತ್ತಿ ಹಿಡಿದುಕೊಂಡು ಕೂರಬೇಡಿ. ಅದೇ ಸ್ವರವನ್ನು ಮೆಲ್ಲಗೆ ಶುರು ಮಾಡಿ ನಾಲ್ಕೈದು ಸಲ ಜೋರಾಗುತ್ತಾ ಹೊಡೆಯಿರಿ, ಇಲ್ಲವೇ ಕಾರ್ಡನ್ನು ಕೆಳಗಿನಿಂದ ಮೇಲಕ್ಕೆ ಒಡೆದು ನುಡಿಸಿ. ತಿದಿಯ ಉಸಿರು ಸ್ವಲ್ಪ ಮಟ್ಟಿಗೆ ಬರುತ್ತದೆ.

ಆ ರಿದಮ್ ಬಟನ್ ಬಗ್ಗೆ ಹೇಳಲೇಬೇಕು. ಅದನ್ನು ಒಂದು ಸಲ ಕೇಳಿ, ಆರಿಸಿ. ಅದು ಎಲ್ಲೂ ನಿಲ್ಲುವುದಿಲ್ಲ, ಎಲ್ಲೂ ಎಳೆಯುವುದಿಲ್ಲ. ನಾಟಕದಲ್ಲಿ ನಟ ಮಾತು ಮುಗಿಸುವ ತನಕ ಕಾದು, ಅವನ ಮುಖ ನೋಡಿಕೊಂಡು ಪಲ್ಲವಿ ಎತ್ತುವವರು ನೀವು. ಟ್ಯಾಂಗೊಗೆ ಬೇಕಾಗಿರುವುದು ಆ ಬುದ್ಧಿಯೇ. ಕಟ್ಟಿದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿ, ಸ್ಟಾಫ್ ನೊಟೇಶನ್ ಬರದಿದ್ದರೆ ಸರಿಗಮದಲ್ಲೇ ಬರೆಯಿರಿ.

ಪ್ರಶ್ನೆ: ನಾನು ಡೊಳ್ಳು ತಂಡದಲ್ಲಿದ್ದೇನೆ, ಅಕ್ಕನ ಮಗಳು ಪಿಯಾನೊ ಕಲಿಯುತ್ತಾಳೆ. ಅರ್ಜೆಂಟೀನಾದಲ್ಲಿ ಮಲಂಬೊ ಅಂತ ಗಂಡಸರ ಕುಣಿತದ ವಿಡಿಯೊ ತೋರಿಸಿದಳು. ಕಾಲು ಬಡಿಯೋದು ನೋಡಿ ಮೈ ಜುಮ್ ಅಂತು. ಅದನ್ನೂ ನಮ್ಮ ಡೊಳ್ಳನ್ನೂ ಸೇರಿಸಿ ಪಿಯಾನೊಗೆ ಬರೆಯಬಹುದಾ? (ಹೊಳಲ್ಕೆರೆ ತಾಲೂಕು, ಚಿತ್ರದುರ್ಗ ಜಿಲ್ಲೆ)

ಉತ್ತರ: ಬರೆಯಬಹುದು. ಆದರೆ ಸೇರಿಸುವ ಮುಂಚೆ ಬೇರೆ ಬೇರೆಯಾಗಿ ಕೇಳಿಸಿಕೊಳ್ಳಿ.

ಮಲಂಬೊ ಪಂಪಾ ಬಯಲಿನ ದನಗಾಹಿಗಳ ಕುಣಿತ. ಅವರಿಗೆ ಗೌಚೊ ಅಂತಾರೆ. ಒಬ್ಬ ಕುಣಿದು ತೋರಿಸುತ್ತಾನೆ, ಇನ್ನೊಬ್ಬ ಅದನ್ನು ಮೀರಿಸಬೇಕು. ಹಾಡು ಇಲ್ಲ, ಕಥೆ ಇಲ್ಲ, ಕಾಲೇ ಎಲ್ಲ. ಆರು ಚುರುಕು ಎಣಿಕೆ ನಿಲ್ಲದೆ ಓಡುತ್ತದೆ. ಗಿಟಾರ್ ಜೊತೆಗಿರುತ್ತದೆ, ಬೊಂಬೊ ಲೆಗ್ವೆರೊ ಅನ್ನುವ ಚರ್ಮವಾದ್ಯವೂ ಇರುತ್ತದೆ. ಇದನ್ನು ನೀವು ನೋಡಬೇಕು! ಮರದ ದಿಮ್ಮಿಯನ್ನು ಕೊರೆದು ಎರಡೂ ಬಾಯಿಗೆ ಚರ್ಮ ಕಟ್ಟಿರುತ್ತಾರೆ, ಒಂದು ಲೀಗ್ (ದೂರದ ಹಳೆಯ ಅಳತೆ) ದೂರಕ್ಕೆ ಕೇಳಿಸುತ್ತದೆ ಅಂತಲೇ ಆ ಹೆಸರು. ಡೊಳ್ಳಿನಲ್ಲಿ ನಿಮಗೆ ಒಂದು ಕಡೆ ಕೋಲು, ಇನ್ನೊಂದು ಕಡೆ ಕೈ. ಬೊಂಬೊದಲ್ಲಿ ಕೋಲು ಒಮ್ಮೆ ಚರ್ಮಕ್ಕೆ, ಒಮ್ಮೆ ಅಂಚಿನ ಮರಕ್ಕೆ. ಧಮ್ ಅನ್ನುವುದು ಒಂದು, ಟಕ್ ಅನ್ನುವುದು ಒಂದು.

ಪಿಯಾನೊದಲ್ಲಿ ಈ ಎರಡು ಸದ್ದು ಬರಿಸುವುದೇ ನಿಮ್ಮ ಅಕ್ಕನ ಮಗಳ ಮೊದಲ ಪಾಠ ಆಗಲಿ. ಧಮ್‌ಗೆ ತೀರಾ ಕೆಳಗಿನ ಎ ಮತ್ತು ಇ ಒಟ್ಟಿಗೆ, ಮಧ್ಯೆ ಏನೂ ಬೇಡ. ಟಕ್‌ಗೆ ಮೇಲಿನ ಬಿ ಮತ್ತು ಸಿ, ಅಕ್ಕಪಕ್ಕದ ಎರಡು ಮನೆ ಒಟ್ಟಿಗೆ, ಬಿಸಿ ಮುಟ್ಟಿದ ಹಾಗೆ ತಕ್ಷಣ ಬಿಡಬೇಕು. ಪಿಯಾನೊದಲ್ಲೂ ಸುತ್ತಿಗೆ ತಂತಿಗೆ ಹೊಡೆಯುತ್ತದೆ, ಅದೂ ಬಡಿಯುವ ವಾದ್ಯವೇ ಅನ್ನೋದನ್ನು ನಾವು ಕ್ಲಾಸಿನಲ್ಲಿ ಮರೆತುಬಿಡುತ್ತೇವೆ.

ಇದನ್ನು ಚೆನ್ನಾಗಿ ಮಾಡಿದವರು ಆಲ್ಬರ್ಟೊ ಜಿನಾಸ್ತೆರಾ, ಅರ್ಜೆಂಟೀನಾದವರು, 1916ರಲ್ಲಿ ಹುಟ್ಟಿ 1983ರಲ್ಲಿ ತೀರಿಕೊಂಡರು. 1937ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಪಿಯಾನೊಗೆ ಮೂರು ಅರ್ಜೆಂಟೀನಾ ಕುಣಿತಗಳನ್ನು ಬರೆದರು. ಮೊದಲನೆಯದರಲ್ಲಿ ಎಡಗೈ ಬರೀ ಕಪ್ಪು ಮನೆ, ಬಲಗೈ ಬರೀ ಬಿಳಿ ಮನೆ. ಇಷ್ಟು ಸಣ್ಣ ನಿಯಮದಿಂದ ಎಂಥ ಒರಟು, ಎಂಥ ತುಂಟತನ ಬಂದಿದೆ ಅಂದರೆ ಕೇಳಿಯೇ ನೋಡಬೇಕು. ಅದರ ಕೊನೆಯಲ್ಲಿ ಗಿಟಾರ್‌ನ ಆರು ಖಾಲಿ ತಂತಿಗಳ ಸ್ವರ, ಇ ಎ ಡಿ ಜಿ ಬಿ ಇ, ಹಾಗೆಯೇ ಬರುತ್ತದೆ. ಬಯಲಿನಲ್ಲಿ ದನ ಕಾಯುವವನ ಹತ್ತಿರ ಪಿಯಾನೊ ಎಲ್ಲಿರುತ್ತೆ? ಇದ್ದದ್ದು ಗಿಟಾರ್. ಆ ಗಿಟಾರನ್ನೇ ಪಿಯಾನೊ ಒಳಗೆ ತಂದು ಕೂರಿಸಿದರು. ಮಲಂಬೊದ ಓಟ ಬೇಕಿದ್ದರೆ ಅವರದೇ 'ಎಸ್ತಾನ್ಸಿಯಾ' ಬ್ಯಾಲೆಯ ಕೊನೆಯ ಭಾಗ ಕೇಳಿ, ಅದು 1941ರದು.

ಇನ್ನು ಡೊಳ್ಳು. ನಿಮ್ಮ ತಂಡದಲ್ಲಿ ಗತ್ತು ಬದಲಾಗುವ ಮುಂಚೆ ಒಬ್ಬರು ಒಂದು ಮುಕ್ತಾಯದ ಪೆಟ್ಟು ಕೊಡುತ್ತಾರಲ್ಲ, ಎಲ್ಲರೂ ಅದನ್ನು ಕೇಳಿ ಒಟ್ಟಿಗೆ ತಿರುಗುತ್ತೀರಲ್ಲ, ಅದನ್ನು ಆ ಹುಡುಗಿಗೆ ಕಲಿಸಿ. ಮಲಂಬೊದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಕಡೆ ಮಾತ್ರ ಅದನ್ನು ಇಡಲಿ. ಉದ್ದಕ್ಕೂ ಎರಡನ್ನೂ ಕಲಸಿದರೆ ಡೊಳ್ಳಿನವರಿಗೂ ಗುರುತು ಸಿಗಲ್ಲ, ಅರ್ಜೆಂಟೀನಾದವರಿಗೂ ಸಿಗಲ್ಲ. ಮತ್ತೆ ಅವಳು ಬರೆಯುವಾಗ ನೀವು ಪಕ್ಕದಲ್ಲೇ ಕೂತಿರಿ, ಡೊಳ್ಳಿನ ಪೆಟ್ಟು ವಿಡಿಯೊ ನೋಡಿ ಬರೆಯುವಂಥದ್ದಲ್ಲ.

ಪ್ರಶ್ನೆ: ನಮ್ಮಲ್ಲೇ ಡೊಳ್ಳು, ವೀರಗಾಸೆ, ಕೋಲಾಟ ಇಷ್ಟೆಲ್ಲ ಇರುವಾಗ ನಮ್ಮ ಮಕ್ಕಳಿಗೆ ಟ್ಯಾಂಗೊ ಯಾಕ್ರೀ ಬೇಕು? (ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಪಿಯಾನೊ ಇಟಲಿಯದು, 1700ರ ಸುಮಾರಿಗೆ ಕ್ರಿಸ್ಟೊಫೊರಿ ಅನ್ನುವವರು ಮಾಡಿದ್ದು. ಅದಕ್ಕೆ ನಿಮ್ಮ ತಕರಾರು ಇಲ್ಲ, ಅದರ ಮೇಲೆ ನುಡಿಸುವುದಕ್ಕೆ ಮಾತ್ರ ತಕರಾರು!

ಟ್ಯಾಂಗೊ ಕೂಡ ಒಬ್ಬರದೇ ಅಲ್ಲ ರೀ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳ ಕಂದೊಂಬೆ ಚರ್ಮವಾದ್ಯ, ಕ್ಯೂಬಾದ ಹಬನೆರಾ, ಜರ್ಮನಿಯ ಬಾಂದೊನಿಯಾನ್, ಇಟಲಿಯಿಂದ ಹಡಗು ಹತ್ತಿ ಬಂದವರ ಹಾಡು, ಎಲ್ಲ ಬಂದರು ಬೀದಿಯಲ್ಲಿ ಸೇರಿ ಆದದ್ದು. ಪಿಯಾಜೊಲಾ 1954ರಲ್ಲಿ ಪ್ಯಾರಿಸ್‌ಗೆ ಹೋಗಿ ನಾದಿಯಾ ಬುಲಾಂಜೆ ಹತ್ತಿರ ಕಲಿಯುವಾಗ ತಾನು ಟ್ಯಾಂಗೊದವನು ಅಂತ ಹೇಳಿಕೊಳ್ಳಲು ಹಿಂಜರಿದಿದ್ದರು. ಆಕೆ ಅವರ ಟ್ಯಾಂಗೊ ಕೇಳಿದ ಮೇಲೆ, ನಿನ್ನತನ ಇರುವುದು ಇದರಲ್ಲೇ ಅಂತ ವಾಪಸ್ ಅದಕ್ಕೇ ಹಚ್ಚಿದರು. ನಿಮ್ಮ ಮಾತಿನಲ್ಲಿ ಅರ್ಧ ನಾನೂ ಒಪ್ಪುತ್ತೇನೆ. ವೀರಗಾಸೆಯ ಕರಡೆ ಸದ್ದನ್ನು ಪಿಯಾನೊಗೆ ಬರೆದು ಯಾರಾದರೂ ಕಳಿಸಿದರೆ ಮುಂದಿನ ಸಂಚಿಕೆಯ ಪುಟ ಅವರದೇ. ಇಲ್ಲಿಯವರೆಗೆ ಒಬ್ಬರೂ ಕಳಿಸಿಲ್ಲ.

ಪ್ರಶ್ನೆ: ಸಂಗೀತ ಪಾಠ ಹೇಳುತ್ತೇನೆ. ಪೆರುವಿನ ಬೆಟ್ಟದ ಜನರ ಸಂಗೀತ ಕೇಳಿದಾಗ ಶುದ್ಧ ಧನ್ಯಾಸಿ ಹಾಗೆ ಅನಿಸಿತು. ನನ್ನ ಭ್ರಮೆಯೋ? (ದಾವಣಗೆರೆ)

ಉತ್ತರ: ಭ್ರಮೆ ಅಲ್ಲ. ಪೆರು, ಬೊಲಿವಿಯಾದ ಆಂಡಿಸ್ ಬೆಟ್ಟಗಳಲ್ಲಿ ವಾಯ್ನೊ ಅನ್ನುವ ಕುಣಿತ ಇದೆ. ಅದರ ರಾಗಗಳು ಬಹುಪಾಲು ಐದೇ ಸ್ವರದಲ್ಲಿ ಓಡಾಡುತ್ತವೆ. ಪಿಯಾನೊದಲ್ಲಿ ಎ ಯನ್ನು ಷಡ್ಜ ಮಾಡಿಕೊಂಡು ಎ, ಸಿ, ಡಿ, ಇ, ಜಿ ನುಡಿಸಿ, ಎಲ್ಲ ಬಿಳಿ ಮನೆ. ಲೆಕ್ಕಕ್ಕೆ ಶುದ್ಧ ಧನ್ಯಾಸಿಯ ಐದು ಸ್ವರಗಳೇ. ಆದರೆ ಅಲ್ಲಿ ನಮ್ಮ ಗಮಕ ಇಲ್ಲ, ಸಂಚಾರದ ಕ್ರಮ ಬೇರೆ, ಮತ್ತೆ ಎ ಮೈನರ್‌ನಿಂದ ಸಿ ಮೇಜರ್‌ಗೆ ಹಾರಿ ವಾಪಸ್ ಬರುವುದು ಅವರ ಅಭ್ಯಾಸ. ಪಿಯಾನೊದಲ್ಲಿ ಗಮಕ ಬರಲ್ಲ ಅಂತ ನೀವು ಬೇಜಾರು ಮಾಡಿಕೊಳ್ಳುವವರಾದರೆ ವಾಯ್ನೊ ಒಳ್ಳೆಯ ಔಷಧಿ. ಲಯ ಎರಡರದು, ಒಂದು ಉದ್ದ ಎರಡು ಗಿಡ್ಡ, 'ತಾ ತಕ ತಾ ತಕ'. ವಿದ್ಯಾರ್ಥಿಗಳಿಗೆ ಮೊದಲ ಸ್ವಂತ ರಚನೆ ಮಾಡಿಸಬೇಕು ಅಂದರೆ ನಾನು ಟ್ಯಾಂಗೊಗಿಂತ ಇದನ್ನೇ ಕೊಡುತ್ತೇನೆ.

ಪ್ರಶ್ನೆ: ಮೃದಂಗ ಕಲಿಯುತ್ತಿದ್ದೇನೆ. ಆ ಕಡೆ ಖಂಡ ಚಾಪು (ಐದು ಎಣಿಕೆಯ ತಾಳ) ಥರದ್ದು ಏನಾದರೂ ಇದೆಯಾ? (ಚಿತ್ರದುರ್ಗ)

ಉತ್ತರ: ಇದೆ. ವೆನೆಜುವೆಲಾದ ಮೆರೆಂಗೆ ಕೇಳಿ. ಡೊಮಿನಿಕನ್ ಗಣರಾಜ್ಯದ ಮೆರೆಂಗೆ ಬೇರೆ, ಅದು ಎರಡರ ಲೆಕ್ಕ. ವೆನೆಜುವೆಲಾದ್ದು ಐದರದು, ಅದಕ್ಕೆ ಕುಣಿಯುತ್ತಾರೆ ಕೂಡ. ಮಜಾ ಏನಂದರೆ ಇದನ್ನು ಐದರಲ್ಲಿ ಬರೆಯಬೇಕಾ, ಆರರಲ್ಲಾ, ಎರಡರಲ್ಲಾ ಅಂತ ಅಲ್ಲಿನ ಸಂಗೀತಗಾರರಲ್ಲೇ ವಾದ ಇದೆ. ಐದು ಎಣಿಕೆ ಅಷ್ಟು ಸಮವಾಗಿ ಕೂರಲ್ಲ, ಸ್ವಲ್ಪ ಎಳೆಯುತ್ತದೆ. ನಿಮ್ಮ ಗೆಳೆಯರು ಯಾರಾದರೂ ಕೀಬೋರ್ಡ್ ನುಡಿಸಿದರೆ ಅವರು ರಾಗ ಹಿಡಿಯಲಿ, ನೀವು 'ತಕ ತಕಿಟ' ಹಿಡಿಯಿರಿ. ಮುಕ್ತಾಯಕ್ಕೆ ತೀರ್ಮಾನ (ಒಂದೇ ಜತಿಯನ್ನು ಮೂರು ಸಲ ಬಾರಿಸಿ ಮುಗಿಸುವುದು) ಹಾಕುವ ಚಟ ಮಾತ್ರ ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ಮಗಳು ಇಂಥ ಸಂಗೀತ ಬರೆಯುತ್ತೇನೆ ಅಂತಾಳೆ. ಮನೆಯಲ್ಲಿ 61 ಕೀ ಕೀಬೋರ್ಡ್ ಇದೆ. ಸಾಲದಂತೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಮರದ ಪಿಯಾನೊ ಸಿಗುತ್ತಿದೆ, ತರಲೇ? (ದಾವಣಗೆರೆ)

ಉತ್ತರ: ಮಗಳ ಮಾತು ನಿಜ ಸರ್. ಪೂರ್ತಿ ಪಿಯಾನೊದಲ್ಲಿ 88 ಕೀ. 61ರದ್ದರಲ್ಲಿ ಕೆಳಗೆ 15, ಮೇಲೆ 12 ಇರುವುದಿಲ್ಲ. ಮೇಲಿನದು ಹೋದರೆ ಹೋಗಲಿ, ಮೇಲೆ ಹೇಳಿದ ಧಮ್, ಅರಾಸ್ತ್ರೆ ಎಲ್ಲ ಇರುವುದು ಆ ಕೆಳಗಿನ 15ರ ಸುತ್ತಮುತ್ತ. ಆದರೆ ಮರದ ಪಿಯಾನೊಗೆ ಅವಸರ ಬೇಡ. 200ಕ್ಕೂ ಹೆಚ್ಚು ತಂತಿ ಇರುತ್ತವೆ, ನಮ್ಮ ಏಪ್ರಿಲ್ ಬಿಸಿಲಿನ ಒಣ ಹವೆಗೂ ಮಳೆಗಾಲದ ತೇವಕ್ಕೂ ಮರ ಕುಗ್ಗಿ ಹಿಗ್ಗಿ ಶ್ರುತಿ ಕೆಡುತ್ತದೆ, ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡಿಸಬೇಕು. ಊರಲ್ಲಿ ಮಾಡುವವರು ಸಿಗದಿದ್ದರೆ ಬೆಂಗಳೂರಿನಿಂದ 260 ಕಿ.ಮೀ. ಕರೆಸಬೇಕಾಗುತ್ತದೆ. 88 ಕೀ ಇರುವ, ಕೀಗೆ ತೂಕ ಇರುವ ಡಿಜಿಟಲ್ ಪಿಯಾನೊ ಸಾಕು. ಪೆಡಲ್ ಗಟ್ಟಿ ಇದೆಯಾ, ಅಂಗಡಿಯಲ್ಲಿ ಕಾಲಿಟ್ಟು ನೋಡಿ. ಬರೆಯಲು ಮ್ಯೂಸ್‌ಸ್ಕೋರ್ ಅನ್ನುವ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಪಿಯಾನೊಗೆ ಮೂರು ನಿಮಿಷದ ತುಣುಕು ಬರೆದಿದ್ದೇನೆ. 'ಕೋಟೆ ಮೇಲೆ ಟ್ಯಾಂಗೊ' ಅಂತ ಹೆಸರು. ಯೂಟ್ಯೂಬ್‌ಗೆ ಹಾಕಬೇಕು. ಮಧ್ಯೆ ನಾಲ್ಕು ಬಾರ್ ಮಾತ್ರ ಪಿಯಾಜೊಲಾ ರಾಗ ತಗೊಂಡಿದ್ದೇನೆ, ಗೌರವಕ್ಕೆ ಅಂತ. ತೊಂದರೆ ಆಗುತ್ತಾ? (ಕೋಟೆ ರಸ್ತೆ, ಚಿತ್ರದುರ್ಗ)

ಉತ್ತರ: ಗೌರವ ಇದ್ದರೆ ಅನುಮತಿ ಕೇಳಬೇಕು, ಇಲ್ಲವೇ ತೆಗೆಯಬೇಕು. ನಮ್ಮ ದೇಶದ ಕಾನೂನಿನ ಪ್ರಕಾರ ರಚನೆಯ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಪಿಯಾಜೊಲಾ ತೀರಿಕೊಂಡದ್ದು 1992ರಲ್ಲಿ, ಅಂದರೆ 2052ರ ಕೊನೆಯ ತನಕ. ನಾಲ್ಕೇ ಬಾರ್ ಅಂತ ವಿನಾಯಿತಿ ಏನೂ ಬರೆದಿಟ್ಟಿಲ್ಲ. ನಜರೆತ್ ಅವರದ್ದು ಎಂದೋ ಮುಗಿದಿದೆ, ಅವರ ರಾಗ ಬೇಕಾದರೆ ಧಾರಾಳವಾಗಿ ತಗೊಳ್ಳಿ, ಯಾರದು ಅಂತ ಹೇಳಿ ತಗೊಳ್ಳಿ. ಆದರೆ ಬೇರೆಯವರು ನುಡಿಸಿದ ರೆಕಾರ್ಡಿಂಗ್ ಕತ್ತರಿಸಿ ಹಾಕಬೇಡಿ, ಅದರ ಹಕ್ಕು ಬೇರೆ. ಟ್ಯಾಂಗೊ, ಹಬನೆರಾ, ಮೂರು ಮೂರು ಎರಡು, ಇದೆಲ್ಲ ಯಾರ ಸ್ವತ್ತೂ ಅಲ್ಲ.

ನಿಮ್ಮ ತುಣುಕು ಕೇಳಿದೆ. ಆ ನಾಲ್ಕು ಬಾರ್ ಬಂದಾಗ ನಿಮ್ಮ ರಾಗ ಮಂಕಾಗಿ ಕಾಣುತ್ತದೆ, ಕಾನೂನು ಬಿಡಿ, ಅದಕ್ಕಾದರೂ ತೆಗೆಯಿರಿ. ಅಲ್ಲಿ ರಾಗವನ್ನೇ ನಿಲ್ಲಿಸಿ ಎಡಗೈ ಒಂದೇ ನಾಲ್ಕು ಬಾರ್ ಓಡಲಿ. ಹೆಸರು ಚೆನ್ನಾಗಿದೆ, ಬದಲಿಸಬೇಡಿ.